ಕೈಗೆ ಬರುವ ಸುದ್ದಿ
(ವಿಡಿಯೊ ಆಟದ ಕಂಟ್ರೋಲರಿನಲ್ಲಿ ಕಂಪನದ ಬೆಲೆ: ಒಂದು ಪಾಠ)

ಮುಂಜಾನೆ ಅಮೀರಪೇಟೆಯ ಮೆಟ್ರೊ ನಿಲ್ದಾಣದಲ್ಲಿ ಗಾಡಿ ಬದಲಿಸುವ ನೂಕುನುಗ್ಗಲು ನಮ್ಮ ವಾಚನಾಲಯದ ಓದುಗರಲ್ಲಿ ಅನೇಕರಿಗೆ ಗೊತ್ತು. ಒಂದು ಕೈಯಲ್ಲಿ ಬುತ್ತಿಯ ಚೀಲ, ಇನ್ನೊಂದು ಕೈ ಮೇಲಿನ ಹಿಡಿಕೆಗೆ. ಕಿವಿಯ ತುಂಬ ಗದ್ದಲ, ಕಣ್ಣ ಮುಂದೆ ಬರೀ ಬೆನ್ನುಗಳು. ಅಷ್ಟರಲ್ಲಿ ಜೇಬಿನೊಳಗಿನ ಮೊಬೈಲು ಎರಡು ಸಲ ಅದುರುತ್ತದೆ. ಕಣ್ಣು ನೋಡಲಿಲ್ಲ, ಕಿವಿ ಕೇಳಲಿಲ್ಲ. ಆದರೂ ಯಾರೋ ಕರೆಯುತ್ತಿದ್ದಾರೆ ಎಂಬ ಸುದ್ದಿ ಬಂದು ಮುಟ್ಟಿತು. ಅದನ್ನು ತಂದದ್ದು ಚರ್ಮ.

ಇದೇ ಉಪಾಯವನ್ನು ವಿಡಿಯೊ ಆಟಗಳಲ್ಲಿಯೂ ಬಳಸುತ್ತಾರೆ. ಆಟಗಾರನು ಎರಡು ಕೈಯಿಂದಲೂ ಹಿಡಿದು, ಹೆಬ್ಬೆರಳಿನಿಂದ ಗುಂಡಿಗಳನ್ನು ಒತ್ತಿ, ಪರದೆಯ ಮೇಲಿನ ಗಾಡಿಯನ್ನೋ ಮನುಷ್ಯನನ್ನೋ ನಡೆಸುವ ಸಾಧನಕ್ಕೆ ಕಂಟ್ರೋಲರು ಎಂದು ಹೆಸರು. ಆಟದಲ್ಲಿ ಕಾರು ಗೋಡೆಗೆ ಬಡಿದರೆ ಕೈಯಲ್ಲಿರುವ ಕಂಟ್ರೋಲರು ಅದುರುತ್ತದೆ. ಇದನ್ನು ಕಂಡ ಹಿರಿಯರು, "ಹುಡುಗರನ್ನು ಮರುಳುಮಾಡಲು ಇನ್ನೊಂದು ಗಿಲಕಿ" ಎಂದು ನಗುವುದುಂಟು. ಅದು ಬರಿಯ ಗಿಲಕಿಯೇ, ಅಥವಾ ಅದಕ್ಕೆ ಏನಾದರೂ ಬೆಲೆಯಿದೆಯೇ? ಈ ಪಾಠದಲ್ಲಿ ಅದನ್ನು ವಿಚಾರಿಸೋಣ. ವಿಚಾರವು ಆಟದಿಂದ ಮೊದಲಾದರೂ, ನಮ್ಮಲ್ಲಿ ಯಂತ್ರ ಹಿಡಿದು ದುಡಿಯುವವರ ಕೈಗಳವರೆಗೆ ಅದು ಹೋಗಿ ಮುಟ್ಟುತ್ತದೆ.

1. ಕೈಗೂ ಒಂದು ಕಿವಿಯುಂಟು

ಹೊಲ ಉತ್ತವರಿಗೆ ಈ ಮಾತನ್ನು ಹೆಚ್ಚು ವಿವರಿಸಬೇಕಾಗಿಲ್ಲ. ನೇಗಿಲಿನ ಕುಳವು ಮಣ್ಣಿನ ಒಳಗಿರುತ್ತದೆ; ಅದು ಕಣ್ಣಿಗೆ ಕಾಣದು. ಆದರೂ ಕುಳಕ್ಕೆ ಕಲ್ಲು ತಗಲಿತೋ, ಬೇರು ಸಿಕ್ಕಿತೋ, ಹಸಿ ಮಣ್ಣು ಬಂದಿತೋ ಎಂಬುದು ಮೇಳಿ ಹಿಡಿದ ಅಂಗೈಗೆ ಆ ಕ್ಷಣದಲ್ಲಿಯೇ ತಿಳಿಯುತ್ತದೆ. ಗಾಳ ಹಾಕಿ ಕುಳಿತವನು ನೀರಿನ ಒಳಗಿನ ಮೀನನ್ನು ದಾರದ ಮೂಲಕವೇ ಅರಿಯುತ್ತಾನೆ. ಬೀಸುವ ಕಲ್ಲಿನ ಗೂಟ ಹಿಡಿದ ತಾಯಿ, ಕಾಳು ಮುಗಿಯಿತೆಂಬುದನ್ನು ಬಗ್ಗಿ ನೋಡಿ ತಿಳಿದವಳಲ್ಲ. ಇಂದು ಗೋಡೆಗೆ ಡ್ರಿಲ್ಲಿಂಗ್ ಯಂತ್ರ ಹಿಡಿಯುವ ಕೆಲಸಗಾರನಿಗೂ ಹಾಗೆಯೇ: ಮೊನೆಯು ಸಿಮೆಂಟನ್ನು ದಾಟಿ ಕಬ್ಬಿಣದ ಸರಳಿಗೆ ತಗಲಿದೊಡನೆ ಅದುರಿನ ಬಗೆ ಬದಲಾಗುತ್ತದೆ, ಕೈ ತಾನಾಗಿ ಹಿಂದಕ್ಕೆ ಬರುತ್ತದೆ.

ಇಲ್ಲೆಲ್ಲ ಒಂದು ಸಾಮಾನ್ಯ ಅಂಶವಿದೆ. ಕೈಯು ಕೆಲಸ ಮಾಡುತ್ತಿರುವಾಗಲೇ ಆ ಕೆಲಸದ ಫಲ ಏನಾಯಿತೆಂಬ ವರದಿಯೂ ಅದೇ ಕೈಗೆ ಬರುತ್ತಿರುತ್ತದೆ. ಕೊಡುವ ದಾರಿಯೂ ಪಡೆಯುವ ದಾರಿಯೂ ಒಂದೇ. ಕುಶಲ ಕೆಲಸಗಾರನ ಕುಶಲತೆಯಲ್ಲಿ ದೊಡ್ಡ ಪಾಲು ಈ ವರದಿಯನ್ನು ಓದುವುದರಲ್ಲಿದೆ.

ವಿಡಿಯೊ ಆಟವಾದರೋ ಈ ದಾರಿಯನ್ನು ಕಡಿದುಹಾಕಿತು. ಪರದೆಯ ಮೇಲೆ ಕಲ್ಲು ರಸ್ತೆಯಿದೆ, ಕೆಸರಿದೆ, ಬ್ರೇಕು ಹಾಕಿದ ಗಾಡಿ ಜಾರುತ್ತಿದೆ. ಆದರೆ ಕೈಯಲ್ಲಿರುವುದು ಪ್ಲಾಸ್ಟಿಕ್ಕಿನ ತುಂಡು, ಅದಕ್ಕೆ ಯಾವುದರ ಸುಳಿವೂ ಇಲ್ಲ. ಕಡಿದುಹೋದ ಈ ದಾರಿಯಲ್ಲಿ ಸ್ವಲ್ಪ ಭಾಗವನ್ನಾದರೂ ಮತ್ತೆ ಕೂಡಿಸುವ ಪ್ರಯತ್ನವೇ ಕಂಟ್ರೋಲರಿನ ಕಂಪನ.

2. ಚರ್ಮದ ಒಳಗಿನ ವ್ಯವಸ್ಥೆ

ನಮ್ಮ ಅಂಗೈ ಮತ್ತು ಬೆರಳುಗಳ ಚರ್ಮದಲ್ಲಿ ಸ್ಪರ್ಶವನ್ನು ಗ್ರಹಿಸುವ ನರಾಗ್ರಗಳು ಮುಖ್ಯವಾಗಿ ನಾಲ್ಕು ಬಗೆಯವು. ಕೆಲವು ಒಂದೇ ಸಮನೆ ಒತ್ತುವುದನ್ನು ತಿಳಿಸುತ್ತವೆ, ಕೆಲವು ಚರ್ಮ ಎಳೆದದ್ದನ್ನು, ಕೆಲವು ಹಿಡಿದ ವಸ್ತು ಜಾರುವುದನ್ನು. ನಾಲ್ಕನೆಯ ಬಗೆಯದು ನಮಗೆ ಇಲ್ಲಿ ಮುಖ್ಯ. ಅದನ್ನು 1830ರ ದಶಕದಲ್ಲಿ ವಿವರಿಸಿದ ಇಟಲಿಯ ಫಿಲಿಪ್ಪೊ ಪಾಚೀನಿಯ ಹೆಸರನ್ನೇ ಅದಕ್ಕೆ ಇಟ್ಟಿದ್ದಾರೆ. ಚರ್ಮದ ಆಳದಲ್ಲಿರುವ ಈ ಕಣವು ಸುಮಾರು 1 ಮಿಲಿಮೀಟರು ಉದ್ದ. ಕೊಯ್ದು ನೋಡಿದರೆ ಉಳ್ಳಾಗಡ್ಡಿಯ ಹಾಗೆ ಪದರಪದರವಾಗಿ ಕಾಣುತ್ತದೆ. ನಡುವೆ ಒಂದು ನರದ ತುದಿ.

ಈ ಪದರಗಳ ಕೆಲಸ ಬಹು ಸೊಗಸಾದದ್ದು. ಒಂದೇ ಸಮನೆ ಒತ್ತಿ ಹಿಡಿದರೆ ಪದರಗಳು ಸರಿದುಕೊಂಡು ಆ ಒತ್ತಡವನ್ನು ತಾವೇ ನುಂಗಿಬಿಡುತ್ತವೆ. ನರಕ್ಕೆ ಏನೂ ಮುಟ್ಟುವುದಿಲ್ಲ. ಒತ್ತಡ ಬೇಗ ಬೇಗ ಬದಲಾದರೆ ಮಾತ್ರ ಸುದ್ದಿ ಒಳಗೆ ಹೋಗುತ್ತದೆ. ಸೆಕೆಂಡಿಗೆ ಸುಮಾರು 200ರಿಂದ 300 ಸಲ ಅದುರುವ ಕಂಪನಕ್ಕೆ ಈ ಕಣವು ಎಲ್ಲಕ್ಕಿಂತ ಚುರುಕು. ಕಣ್ಣಿಗೆ ಕಾಣದಷ್ಟು ಸಣ್ಣ ಅಲುಗಾಟವನ್ನೂ ಅದು ಹಿಡಿದುಬಿಡುತ್ತದೆ. ಮೊಬೈಲಿನಲ್ಲೂ ಕಂಟ್ರೋಲರಿನಲ್ಲೂ ಹಾಕುವ ಮೋಟಾರುಗಳು ಬೇಗ ಬೇಗ ಅದುರುವಂತೆ ಮಾಡಿರುವುದು ಇದಕ್ಕಾಗಿಯೇ.

ಒತ್ತಡವು ನರದಲ್ಲಿ ವಿದ್ಯುತ್ ಸಂಕೇತವಾಗಿ ಮಾರ್ಪಡುವುದು ಹೇಗೆಂಬುದು ಬಹುಕಾಲ ಒಗಟಾಗಿತ್ತು. ಜೀವಕೋಶದ ಪೊರೆಯಲ್ಲಿ ಒತ್ತಿದಾಗ ತೆರೆದುಕೊಳ್ಳುವ ಅತಿ ಸೂಕ್ಷ್ಮ ಬಾಗಿಲುಗಳನ್ನು ಆರ್ಡೆಮ್ ಪಟಪೂಟಿಯನ್ ಮತ್ತು ಅವರ ಸಂಗಡಿಗರು 2010ರಲ್ಲಿ ಗುರುತಿಸಿದರು. ಅವರಿಗೂ, ಬಿಸಿಯ ಅನುಭವ ನರಕ್ಕೆ ಮುಟ್ಟುವ ಬಗೆಯನ್ನು ಕಂಡುಹಿಡಿದ ಡೇವಿಡ್ ಜೂಲಿಯಸ್ ಅವರಿಗೂ 2021ರ ವೈದ್ಯಶಾಸ್ತ್ರದ ನೊಬೆಲ್ ಪಾರಿತೋಷಕ ಬಂದಿತು.

ಇದರಿಂದ ಹೊರಡುವ ಒಂದು ನಿಯಮವನ್ನು ನೆನಪಿನಲ್ಲಿಡಿರಿ: ಚರ್ಮಕ್ಕೆ ಬದಲಾವಣೆಯೇ ಸುದ್ದಿ. ಬೆಳಿಗ್ಗೆ ತೊಟ್ಟ ಅಂಗಿ ಮೈಗೆ ತಗಲುತ್ತಿರುವುದನ್ನು ಹತ್ತು ಗಂಟೆಯ ಹೊತ್ತಿಗೆ ನಾವು ಮರೆತಿರುತ್ತೇವೆ. ಹಾಗೆಯೇ ಆಟದ ಉದ್ದಕ್ಕೂ ಅದುರುತ್ತಲೇ ಇರುವ ಕಂಟ್ರೋಲರು ಏನನ್ನೂ ಹೇಳುವುದಿಲ್ಲ. ಬರಿಯ ದಣಿವನ್ನು ತರುತ್ತದೆ. ತಕ್ಕ ಸಮಯದಲ್ಲಿ ಅದುರಿ ಕೂಡಲೇ ಸುಮ್ಮನಾಗುವ ಕಂಟ್ರೋಲರು ಮಾತ್ರ ಮಾತನಾಡುತ್ತದೆ.

3. ಕವಣೆಯ ಲೆಕ್ಕ

ಇಷ್ಟು ಸಣ್ಣ ಸಾಧನ ಇಷ್ಟು ಬಲವಾಗಿ ಅದುರುವುದು ಹೇಗೆ? ಜೋಳದ ಹೊಲದಲ್ಲಿ ಅಟ್ಟ ಹತ್ತಿ ಕವಣೆ ಬೀಸಿ ಹಕ್ಕಿ ಓಡಿಸಿದವರಿಗೆ ಉತ್ತರ ಸುಲಭ. ಕಲ್ಲು ಚಿಕ್ಕದಾದರೂ ತಿರುಗಿಸುವಾಗ ಅದು ಕೈಯನ್ನು ಹೊರಕ್ಕೆ ಎಳೆಯುತ್ತದೆ. ಬೇಗ ತಿರುಗಿಸಿದಷ್ಟೂ ಎಳೆತ ಹೆಚ್ಚು. ಕಲ್ಲು ಮುಂದಿರುವಾಗ ಮುಂದಕ್ಕೆ, ಹಿಂದೆ ಹೋದಾಗ ಹಿಂದಕ್ಕೆ. ಕಂಟ್ರೋಲರಿನ ಒಳಗೆ ಇರುವುದೂ ಇಂಥದೇ ಕವಣೆ. ಒಂದು ಪುಟ್ಟ ಮೋಟಾರು, ಅದರ ಅಚ್ಚಿಗೆ ಒಂದೇ ಮಗ್ಗುಲಿಗೆ ಭಾರ ಬರುವ ಹಾಗೆ ಕೂಡಿಸಿದ ಲೋಹದ ತುಂಡು. ಅಚ್ಚು ತಿರುಗಿದಾಗ ಆ ತುಂಡು ಮೋಟಾರನ್ನು ಎಲ್ಲ ದಿಕ್ಕಿಗೂ ಸರದಿಯಂತೆ ಎಳೆಯುತ್ತದೆ. ಮೋಟಾರು ಹೊದಿಕೆಯನ್ನು ಎಳೆಯುತ್ತದೆ. ಹೊದಿಕೆ ನಮ್ಮ ಕೈಯನ್ನು ಅಲುಗಿಸುತ್ತದೆ.

ಒಂದು ಲೆಕ್ಕ ಮಾಡಿ ನೋಡೋಣ. ತುಂಡಿನ ತೂಕ 2 ಗ್ರಾಂ, ಅದರ ಭಾರ ಅಚ್ಚಿನ ನಡುವಿನಿಂದ 2 ಮಿಲಿಮೀಟರು ದೂರ, ಸುತ್ತು ಸೆಕೆಂಡಿಗೆ 150 ಎಂದು ಇಟ್ಟುಕೊಳ್ಳಿರಿ. ತೂಕ, ದೂರ ಮತ್ತು ಸುತ್ತುವ ವೇಗದ ವರ್ಗ, ಈ ಮೂರನ್ನೂ ಗುಣಿಸುವುದೇ ಸೂತ್ರ. ಎಳೆತವು ಸುಮಾರು 3.5 ನ್ಯೂಟನ್ ಎಂದು ಬರುತ್ತದೆ. ಎಂದರೆ 2 ಗ್ರಾಮಿನ ತುಂಡು ಸುಮಾರು 360 ಗ್ರಾಂ ತೂಗುವ ವಸ್ತುವಿನಂತೆ ಜಗ್ಗುತ್ತದೆ! ಸುತ್ತನ್ನು ಅರ್ಧಕ್ಕಿಳಿಸಿದರೆ ಎಳೆತ ಅರ್ಧವಾಗುವುದಿಲ್ಲ, ಕಾಲು ಭಾಗವಾಗುತ್ತದೆ. ಎಂದರೆ 90 ಗ್ರಾಮಿನಷ್ಟು. ವೇಗದ ವರ್ಗವೆಂದರೆ ಇದೇ.

ಈ ಸರಳ ಸಾಧನಕ್ಕೆ ಎರಡು ಕೊರತೆಗಳಿವೆ. ಒಂದು, ಭಾರವಾದ ತುಂಡು ವೇಗ ಹಿಡಿಯಲು ಸ್ವಲ್ಪ ಹೊತ್ತು ಬೇಕು, ನಿಲ್ಲಲೂ ಸ್ವಲ್ಪ ಹೊತ್ತು ಬೇಕು. ಆದುದರಿಂದ ಚಿಟಿಕೆ ಹೊಡೆದಂಥ ಚಿಕ್ಕ ಸುದ್ದಿಯನ್ನು ಅದು ಹೇಳಲಾರದು. ಎರಡು, ಜೋರು ಮತ್ತು ವೇಗ ಇವೆರಡೂ ಒಂದಕ್ಕೊಂದು ಕಟ್ಟಿಬಿದ್ದಿವೆ. ಬೇಗ ಬೇಗ, ಆದರೆ ಮೆಲ್ಲಗೆ ಅದುರು ಎಂದರೆ ಅದಕ್ಕೆ ಆಗದು. ಹೊಸ ಕಂಟ್ರೋಲರುಗಳಲ್ಲಿ ಇದರ ಬದಲು ಧ್ವನಿವರ್ಧಕದಲ್ಲಿರುವಂಥ ತಂತಿಯ ಸುರುಳಿಯನ್ನೂ ಅಯಸ್ಕಾಂತವನ್ನೂ ಬಳಸಿ ಭಾರವನ್ನು ಹಿಂದೆಮುಂದೆ ಆಡಿಸುತ್ತಾರೆ. ಗಣೇಶನ ಹಬ್ಬದಲ್ಲಿ ಖೈರತಾಬಾದಿನ ಕಡೆ ದೊಡ್ಡ ಧ್ವನಿವರ್ಧಕದ ಮುಂದೆ ನಿಂತವರಿಗೆ ಎದೆಯೊಳಗೇ ಡೋಲು ಬಾರಿಸಿದಂತಾಗುತ್ತದೆಯಲ್ಲವೇ? ಅದೇ ತತ್ತ್ವ, ಆದರೆ ಇಲ್ಲಿ ಕೇಳುಗನು ಅಂಗೈ.

4. ಸ್ವಲ್ಪ ಇತಿಹಾಸ

ಕಂಪನವು ಆಟಕ್ಕೆ ಬಂದದ್ದು ಇತ್ತೀಚೆಗೇನೂ ಅಲ್ಲ. ಜಪಾನಿನ ಸೆಗಾ ಸಂಸ್ಥೆ 1976ರಲ್ಲಿ ಅಂಗಡಿಗಳಲ್ಲಿ ಕಾಸು ಹಾಕಿ ಆಡುವ ಮೋಟಾರು ಸೈಕಲಿನ ಆಟವೊಂದನ್ನು ತಂದಿತು. ಅದರಲ್ಲಿ ಎದುರಿನ ಗಾಡಿಗೆ ಡಿಕ್ಕಿಯಾದರೆ ಆಟಗಾರನು ಹಿಡಿದ ಹ್ಯಾಂಡಲ್ಲು ಅದುರುತ್ತಿತ್ತು. ಮನೆಯಲ್ಲಿ ಆಡುವ ಯಂತ್ರಗಳಿಗೆ ಅದು ವ್ಯಾಪಕವಾಗಿ ಬಂದದ್ದು 1997ರಲ್ಲಿ. ಆ ವರ್ಷದ ಏಪ್ರಿಲಿನಲ್ಲಿ ಜಪಾನಿನ ನಿಂಟೆಂಡೊ ಸಂಸ್ಥೆ ತನ್ನ ಕಂಟ್ರೋಲರಿಗೆ ಸಿಕ್ಕಿಸುವ ಪುಟ್ಟ ಪೆಟ್ಟಿಗೆಯೊಂದನ್ನು ಮಾರಿತು. ಅದಕ್ಕೆ ಎರಡು ಸಣ್ಣ ಬ್ಯಾಟರಿಗಳನ್ನು ಬೇರೆಯಾಗಿ ಹಾಕಬೇಕಿತ್ತು. ಅದೇ ವರ್ಷದ ನವೆಂಬರಿನಲ್ಲಿ ಸೋನಿ ಸಂಸ್ಥೆಯ ಡ್ಯುಯಲ್‌ಶಾಕ್ ಕಂಟ್ರೋಲರು ಜಪಾನಿನಲ್ಲಿ ಹೊರಬಂದಿತು. ಅದರ ಎಡ ಹಿಡಿಯಲ್ಲಿ ದೊಡ್ಡ ಭಾರದ ಮೋಟಾರು, ಬಲ ಹಿಡಿಯಲ್ಲಿ ಚಿಕ್ಕ ಭಾರದ ಮೋಟಾರು. ದೊಡ್ಡದು ಗುಡುಗಿನಂತೆ, ಚಿಕ್ಕದು ದುಂಬಿಯ ಝೇಂಕಾರದಂತೆ. ಎರಡನ್ನೂ ಬೆರೆಸಿ ಹಲವು ಬಗೆಯ ಕಂಪನಗಳನ್ನು ಹೊರಡಿಸಬಹುದಾಗಿತ್ತು. ಮುಂದೆ ಬಹುಪಾಲು ಕಂಟ್ರೋಲರುಗಳಿಗೆ ಇದೇ ಮಾದರಿಯಾಯಿತು.

ಒಂದು ವಸ್ತುವಿನ ಬೆಲೆ ಅದು ಇಲ್ಲವಾದಾಗ ಗೊತ್ತಾಗುತ್ತದೆ ಎಂಬ ಮಾತಿಗೆ ಇಲ್ಲೊಂದು ಒಳ್ಳೆಯ ದೃಷ್ಟಾಂತವಿದೆ. ಅಮೆರಿಕದ ಇಮ್ಮರ್ಷನ್ ಎಂಬ ಸಂಸ್ಥೆ, ಕಂಪನದ ವಿಧಾನಗಳ ಮೇಲೆ ತನಗೆ ಪೇಟೆಂಟು ಹಕ್ಕಿದೆಯೆಂದು 2002ರಲ್ಲಿ ಸೋನಿ ಹಾಗೂ ಮೈಕ್ರೋಸಾಫ್ಟ್ ಸಂಸ್ಥೆಗಳ ಮೇಲೆ ದಾವೆ ಹೂಡಿತು. ಮೈಕ್ರೋಸಾಫ್ಟ್ 2003ರಲ್ಲಿ ರಾಜಿ ಮಾಡಿಕೊಂಡಿತು. ಸೋನಿ ವಾದಕ್ಕೆ ನಿಂತಿತು. 2004ರಲ್ಲಿ ಜ್ಯೂರಿಯವರು 8 ಕೋಟಿ 20 ಲಕ್ಷ ಡಾಲರು ಕೊಡಬೇಕೆಂದು ತೀರ್ಮಾನ ಕೊಟ್ಟರು. ವ್ಯಾಜ್ಯ ಮುಗಿಯದೆ ಇದ್ದಾಗಲೇ, 2006ರ ನವೆಂಬರಿನಲ್ಲಿ ಸೋನಿಯ ಪ್ಲೇಸ್ಟೇಷನ್ 3 ಹೊರಬಂದಿತು. ಅದರ ಕಂಟ್ರೋಲರಿನಲ್ಲಿ ಕಂಪನವೇ ಇರಲಿಲ್ಲ. ಅಲುಗಾಟವನ್ನು ಅಳೆಯುವ ಹೊಸ ಸಾಧನಕ್ಕೆ ಅಡ್ಡಿಯಾಗುತ್ತದೆ ಎಂದು ಸಂಸ್ಥೆಯವರು ಕಾರಣ ಹೇಳಿದರು. ಆಟಗಾರರು ಒಪ್ಪಲಿಲ್ಲ, ಕೈ ಮರಗಟ್ಟಿದಂತಿದೆ ಎಂದು ದೂರಿದರು. 2007ರ ಮಾರ್ಚಿಯಲ್ಲಿ ವ್ಯಾಜ್ಯ ರಾಜಿಯಾಯಿತು. ಅದೇ ವರ್ಷದ ನವೆಂಬರಿನಲ್ಲಿ ಕಂಪನವುಳ್ಳ ಹೊಸ ಕಂಟ್ರೋಲರು ಬಂದಿತು. ಗಿಲಕಿಯೊಂದಕ್ಕಾಗಿ ಯಾರೂ ಐದು ವರ್ಷ ನ್ಯಾಯಾಲಯದ ಮೆಟ್ಟಿಲು ಹತ್ತುವುದಿಲ್ಲ.

ಆ ಮೇಲೆ 2017ರಲ್ಲಿ ನಿಂಟೆಂಡೊದ ಸ್ವಿಚ್ ಯಂತ್ರದೊಡನೆ ಇನ್ನೂ ನಯವಾದ ಕಂಪನ ಬಂದಿತು. ಅದರ ಆಟವೊಂದರಲ್ಲಿ ಕಂಟ್ರೋಲರನ್ನು ಪೆಟ್ಟಿಗೆಯೆಂದು ಭಾವಿಸಿ ಅತ್ತಿತ್ತ ವಾಲಿಸಬೇಕು. ಒಳಗೆ ಗೋಲಿಗಳು ಎಷ್ಟು ಉರುಳುತ್ತಿವೆಯೆಂದು ಕೈಯಿಂದಲೇ ಎಣಿಸಬೇಕು. ಒಳಗೆ ಗೋಲಿಯೊಂದೂ ಇಲ್ಲ! 2020ರ ನವೆಂಬರಿನಲ್ಲಿ ಬಂದು, 2021ರ ಫೆಬ್ರವರಿಯಲ್ಲಿ ಭಾರತದಲ್ಲಿ ಮಾರಾಟಕ್ಕೆ ತೊಡಗಿದ ಪ್ಲೇಸ್ಟೇಷನ್ 5ರ ಕಂಟ್ರೋಲರಿನಲ್ಲಿ ಸುರುಳಿಯ ಸಾಧನವಿದೆ. ಮರಳಿನ ಮೇಲೆ ನಡೆಯುವುದೂ ಲೋಹದ ಮೇಲೆ ನಡೆಯುವುದೂ ಅಂಗೈಗೆ ಬೇರೆ ಬೇರೆಯಾಗಿ ತಿಳಿಯುತ್ತವೆ.

5. ಬೆಲೆ ಎಲ್ಲಿದೆ?

ಈಗ ಮೂಲ ಪ್ರಶ್ನೆಗೆ ಬರೋಣ. ಕಂಪನದ ಬೆಲೆಯನ್ನು ಮೂರು ಕಡೆ ಕಾಣಬಹುದು.

ಮೊದಲನೆಯದು, ಕಣ್ಣಿನ ಹೊರೆ ಇಳಿಯುತ್ತದೆ. ಕಾರಿನ ಆಟದಲ್ಲಿ ಕಣ್ಣು ಮುಂದಿನ ತಿರುವಿನ ಮೇಲಿರಬೇಕು; ಗಾಲಿ ಜಾರತೊಡಗಿತೆಂಬುದನ್ನು ಬೇರೆ ಯಾರಾದರೂ ಹೇಳಬೇಕು. ಕೈ ಹೇಳುತ್ತದೆ. ಕಣ್ಣಿಗೆ ಕಂಡದ್ದಕ್ಕೆ ಬೆರಳು ಒತ್ತಲು ಮನುಷ್ಯನಿಗೆ ಸುಮಾರು ಸೆಕೆಂಡಿನ ಐದನೆಯ ಒಂದು ಭಾಗ ಬೇಕು. ಸ್ಪರ್ಶದಿಂದ ತಿಳಿದದ್ದಕ್ಕೆ ಅದಕ್ಕಿಂತ ತುಸು ಕಡಿಮೆ ಸಾಕು.

ವಿಮಾನದವರು ಇದನ್ನು ಆಟದವರಿಗಿಂತ ಬಹಳ ಮುಂಚೆಯೇ ಅರಿತಿದ್ದರು. ರೆಕ್ಕೆಗೆ ತಕ್ಕಷ್ಟು ಎತ್ತುವ ಬಲ ಸಿಗದೆ ವಿಮಾನ ಕುಸಿಯುವ ಸ್ಥಿತಿ ಬರುವಾಗ, ಹಳೆಯ ವಿಮಾನಗಳಲ್ಲಿ ಹಿಡಿಗೋಲು ತಾನಾಗಿ ನಡುಗುತ್ತಿತ್ತು. ಏಕೆಂದರೆ ಅದು ತಂತಿಗಳ ಮೂಲಕ ನೇರವಾಗಿ ವಿಮಾನದ ಹಿಂಬದಿಯ ಪಟ್ಟಿಗಳಿಗೆ ಸೇರಿತ್ತು. ದೊಡ್ಡ ವಿಮಾನಗಳಲ್ಲಿ ಆ ಪಟ್ಟಿಗಳನ್ನು ಯಂತ್ರಬಲದಿಂದ ಆಡಿಸತೊಡಗಿದಾಗ ಈ ನಡುಕ ಚಾಲಕನ ಕೈಗೆ ಬಾರದಾಯಿತು. ಆಗ ಹಿಡಿಗೋಲಿಗೆ ಒಂದು ಮೋಟಾರನ್ನು ಕೂಡಿಸಿ, ಅಪಾಯ ಹತ್ತಿರವಾದಾಗ ಅದು ಬೇಕೆಂದೇ ನಡುಗುವಂತೆ ಮಾಡಿದರು. ಹಿಡಿಗೋಲು ನಡುಗಿತೆಂದರೆ ಮೂತಿಯನ್ನು ಕೆಳಗೆ ಮಾಡಬೇಕೆಂದು ಚಾಲಕನಿಗೆ ತಿಳಿಯುತ್ತದೆ. ಕಳೆದುಹೋದ ಸುದ್ದಿಯನ್ನು ಮೋಟಾರಿನಿಂದ ಮರಳಿ ತಂದುಕೊಳ್ಳುವುದು ಎಂದರೆ ಇದೇ.

ಎರಡನೆಯದು, ಒಂದು ಇಂದ್ರಿಯ ಇಲ್ಲದವರಿಗೆ ಇನ್ನೊಂದು ದಾರಿ ತೆರೆಯುತ್ತದೆ. ಹಿಂದಿನಿಂದ ಬರುವ ಶತ್ರುವಿನ ಹೆಜ್ಜೆಯ ಸಪ್ಪಳ ಕಿವುಡ ಆಟಗಾರನಿಗೆ ಕೇಳದು. ಅದೇ ಹೆಜ್ಜೆ ಅಂಗೈಗೆ ಬಂದರೆ ಅವನೂ ಉಳಿದವರ ಸಮನಾಗಿ ಆಡಬಲ್ಲ. 2020ರಲ್ಲಿ ಬಂದ 'ದ ಲಾಸ್ಟ್ ಆಫ್ ಅಸ್' ಆಟದ ಎರಡನೆಯ ಭಾಗದಲ್ಲಿ ಅಂಗವಿಕಲರಿಗಾಗಿ 60ಕ್ಕೂ ಹೆಚ್ಚು ಅನುಕೂಲಗಳನ್ನು ಕಲ್ಪಿಸಿದ್ದರು. ಧ್ವನಿಯ ಮತ್ತು ಕಂಪನದ ಸೂಚನೆಗಳು ಅವುಗಳಲ್ಲಿ ಸೇರಿದ್ದವು. ಕಣ್ಣಿಲ್ಲದವರೂ ಆ ಆಟವನ್ನು ಮೊದಲಿನಿಂದ ಕೊನೆಯವರೆಗೆ ಆಡಿ ಮುಗಿಸಿದರು.

ಮೂರನೆಯದು, ಆಟದಲ್ಲಿ ಪಳಗಿದ ವಿದ್ಯೆ ಆಟದ ಹೊರಗೂ ಬರುತ್ತದೆ. ಇದಕ್ಕೆ ದೃಷ್ಟಾಂತವನ್ನು ದೂರ ಹುಡುಕಬೇಕಾಗಿಲ್ಲ. ನಮ್ಮ ಈ ಊರಿನಲ್ಲಿಯೇ ಇದೆ. ಅನಿರುದ್ಧ ಶರ್ಮಾ ಎಂಬ ತರುಣರು ಬೆಂಗಳೂರಿನಲ್ಲಿದ್ದಾಗ 2011ರಲ್ಲಿ ಕುರುಡರಿಗಾಗಿ ಒಂದು ಪಾದರಕ್ಷೆಯನ್ನು ಮಾಡಿದರು. ಅದರ ಒಳಗೆ ನಾಲ್ಕು ಕಡೆ ಪುಟ್ಟ ಕಂಪನದ ಮೋಟಾರುಗಳು, ಮುಂದುಗಡೆ ಅಡ್ಡವಿರುವುದನ್ನು ಅರಿಯುವ ಸಾಧನ; ದಾರಿಯನ್ನು ಮೊಬೈಲು ನೋಡಿಕೊಳ್ಳುತ್ತದೆ. ಮುಂದೆ ಅವರೂ ಕ್ರಿಸ್ಪಿಯನ್ ಲಾರೆನ್ಸ್ ಎಂಬವರೂ ಕೂಡಿ, ಸಿಕಂದರಾಬಾದಿನಲ್ಲಿ ನೆಲೆಯಾದ ಡುಸೇರ್ ಟೆಕ್ನಾಲಜೀಸ್ ಎಂಬ ಸಂಸ್ಥೆಯ ಮೂಲಕ ಅದನ್ನು ಬೆಳೆಸಿದರು. ಅದರ ಹೆಸರು 'ಲೇಚಲ್'. ಹಿಂದಿಯಲ್ಲಿ 'ಕರೆದುಕೊಂಡು ಹೋಗು' ಎಂದರ್ಥ. ಎಡಕ್ಕೆ ಹೊರಳಬೇಕಾದರೆ ಎಡಗಾಲಿನ ಪಾದರಕ್ಷೆ ಅದುರುತ್ತದೆ, ಬಲಕ್ಕಾದರೆ ಬಲಗಾಲಿನದು. ಇದರ ಪರೀಕ್ಷೆಗೆ ಹೈದರಾಬಾದಿನ ಎಲ್. ವಿ. ಪ್ರಸಾದ್ ನೇತ್ರ ಸಂಸ್ಥೆಯ ಸಹಾಯವನ್ನು ಪಡೆದರು. 2014ರಲ್ಲಿ ಅದಕ್ಕೆ ಮುಂಗಡ ಬೇಡಿಕೆಗಳನ್ನು ತೆಗೆದುಕೊಳ್ಳತೊಡಗಿದರು.

ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು. ಮೊಬೈಲು ಬಾಯಿಂದಲೂ ದಾರಿ ಹೇಳಬಲ್ಲದು. ಹಾಗಿರುವಾಗ ಪಾದರಕ್ಷೆ ಏಕೆ? ಏಕೆಂದರೆ ಕುರುಡನಿಗೆ ಕಿವಿಯೇ ಕಣ್ಣು. ಕೋಠಿಯ ಚೌಕದಲ್ಲಿ ಬಸ್ಸು ಯಾವ ಕಡೆಯಿಂದ ಬರುತ್ತಿದೆ, ಆಟೊ ಎಷ್ಟು ಹತ್ತಿರವಿದೆ ಎಂಬುದನ್ನು ಅವನು ಕಿವಿಯಿಂದಲೇ ತಿಳಿಯಬೇಕು. ಆ ಕಿವಿಯನ್ನು ಮೊಬೈಲಿನ ಮಾತಿನಿಂದ ತುಂಬಿಬಿಟ್ಟರೆ ಉಪಕಾರಕ್ಕಿಂತ ಅಪಾಯವೇ ಹೆಚ್ಚು. ಪಾದ ಸುಮ್ಮನಿದೆ, ಅದಕ್ಕೆ ಈ ಕೆಲಸ ಒಪ್ಪಿಸಿದರೆ ಕಿವಿ ತನ್ನ ಕೆಲಸಕ್ಕೆ ಉಳಿಯುತ್ತದೆ. ಕಾರಿನ ಆಟದಲ್ಲಿ ಕಣ್ಣಿಗೆ ದೊರೆತ ಉಪಕಾರವೇ ಇಲ್ಲಿ ಕಿವಿಗೆ ದೊರೆಯಿತು. ಆದರೆ ಅಲ್ಲಿ ತಪ್ಪಿದರೆ ಆಟ ಹೋಗುತ್ತದೆ. ಇಲ್ಲಿ ತಪ್ಪಿದರೆ ಜೀವ.

6. ಇನ್ನೊಂದು ಮಗ್ಗುಲು

ಕಂಪನದ ಗುಣವನ್ನಷ್ಟೇ ಹೇಳಿ ದೋಷವನ್ನು ಬಿಟ್ಟರೆ ಪಾಠ ಅರ್ಧವಾದಂತೆ. ನಮ್ಮ ಓದುಗರಲ್ಲಿ ರಾಯಚೂರು, ಯಾದಗಿರಿ, ಕಲಬುರಗಿ, ಬೀದರದ ಕಡೆಯಿಂದ ಬಂದು ಕಟ್ಟಡದ ಕೆಲಸ, ರಸ್ತೆಯ ಕೆಲಸ ಮಾಡುವವರಿದ್ದಾರೆ. ಸಿಮೆಂಟು ಒಡೆಯುವ ಬ್ರೇಕರ್ ಯಂತ್ರವನ್ನೋ, ಗ್ರೈಂಡರನ್ನೋ ದಿನವಿಡೀ ಹಿಡಿದವರಿಗೆ ರಾತ್ರಿ ಮಲಗಿದಾಗಲೂ ಕೈ ಜುಮ್ಮೆನ್ನುತ್ತಿರುತ್ತದೆ. ಇದನ್ನು "ಕೆಲಸದ ದಣಿವು, ನಾಳೆ ಹೋದೀತು" ಎಂದು ಬಿಡುವುದು ತಪ್ಪು.

ಅಮೆರಿಕದ ವೈದ್ಯೆ ಆಲಿಸ್ ಹ್ಯಾಮಿಲ್ಟನ್ ಅವರು 1918ರಲ್ಲಿ ಇಂಡಿಯಾನಾ ಪ್ರಾಂತದ ಸುಣ್ಣಕಲ್ಲಿನ ಗಣಿಗಳಿಗೆ ಹೋಗಿ, ಗಾಳಿಯ ಒತ್ತಡದ ಸುತ್ತಿಗೆ ಹಿಡಿಯುವ ಕಲ್ಲುಕುಟಿಗರ ಕೈಗಳನ್ನು ಪರೀಕ್ಷಿಸಿದರು. ಚಳಿಯಲ್ಲಿ ಅವರ ಬೆರಳುಗಳು ರಕ್ತವಿಲ್ಲದೆ ಬೆಳ್ಳಗೆ ಬಿಳಿಚಿ ಜೋಮು ಹಿಡಿಯುತ್ತಿದ್ದವು. ದೀರ್ಘಕಾಲದ ಬಲವಾದ ಕಂಪನದಿಂದ ಬೆರಳಿನ ಸಣ್ಣ ರಕ್ತನಾಳಗಳೂ ನರಗಳೂ ಕೆಡುತ್ತವೆ. ಮೊದಲು ಜುಮ್ಮೆನ್ನುವುದು, ಆ ಮೇಲೆ ಬೆರಳ ತುದಿ ಬಿಳಿಚುವುದು, ಕೊನೆಗೆ ಅಂಗಿಯ ಗುಂಡಿ ಹಾಕಲೂ ಬಾರದಂತಾಗುವುದು. ನರಗಳು ಒಮ್ಮೆ ಕೆಟ್ಟರೆ ಪೂರ್ತಿಯಾಗಿ ಮರಳುವುದು ಕಷ್ಟ.

ಯುರೋಪಿನ ಒಕ್ಕೂಟ 2002ರಲ್ಲಿ ಇದಕ್ಕೆ ಒಂದು ಮಿತಿ ಹಾಕಿತು. ಕಂಪನದ ಜೋರನ್ನು ಅಳೆಯುವ ಮಾನದಲ್ಲಿ 8 ಗಂಟೆಯ ದಿನಕ್ಕೆ 5ರ ಅಂಕೆಯನ್ನು ಮೀರಕೂಡದು. ಸಿಮೆಂಟು ಒಡೆಯುವ ಬ್ರೇಕರಿನ ಜೋರು ಇದೇ ಮಾನದಲ್ಲಿ 10ರಿಂದ 20ರವರೆಗೂ ಇರುವುದುಂಟು. ಇಲ್ಲಿಯೂ ವರ್ಗದ ಲೆಕ್ಕವೇ: ಜೋರು ಎರಡು ಪಟ್ಟಾದರೆ ಅವಧಿ ಕಾಲು ಭಾಗಕ್ಕಿಳಿಯಬೇಕು. ಆದುದರಿಂದ 10ರ ಯಂತ್ರವನ್ನು ದಿನಕ್ಕೆ 2 ಗಂಟೆ, 20ರ ಯಂತ್ರವನ್ನು ಅರ್ಧ ಗಂಟೆ ಮಾತ್ರ ಹಿಡಿಯಬಹುದು. ಯಂತ್ರ ನಡೆಯುತ್ತಿರುವ ಹೊತ್ತನ್ನಷ್ಟೇ ಈ ಲೆಕ್ಕಕ್ಕೆ ಹಿಡಿಯಬೇಕು. ದಿನಕ್ಕೆ ಐದಾರು ಗಂಟೆ ಒಬ್ಬನೇ ಅದನ್ನು ಹಿಡಿಯುವುದು ಎಷ್ಟು ಕೆಟ್ಟದ್ದೆಂಬುದನ್ನು ಓದುಗರೇ ಲೆಕ್ಕ ಹಾಕಿಕೊಳ್ಳಬಹುದು.

ಯಂತ್ರವನ್ನು ಬಿಡುವುದು ಎಲ್ಲರಿಂದಲೂ ಸಾಧ್ಯವಿಲ್ಲ; ಹೊಟ್ಟೆಯ ಪ್ರಶ್ನೆ. ಆದರೆ ಮಾಡಬಹುದಾದ ಕೆಲವು ಕೆಲಸಗಳಿವೆ. ಇಬ್ಬರು ಮೂವರು ಸರದಿಯಂತೆ ಹಿಡಿಯಬೇಕು. ಮೊನೆ ಮೊಂಡಾಗಿದ್ದರೆ ಬದಲಿಸಿಕೊಳ್ಳಬೇಕು. ಮೊಂಡು ಮೊನೆ ಕೆಲಸವನ್ನೂ ಎಳೆಯುತ್ತದೆ, ಕೈಯನ್ನೂ ಕೆಡಿಸುತ್ತದೆ. ಯಂತ್ರವನ್ನು ಅವಶ್ಯಕ್ಕಿಂತ ಬಿಗಿಯಾಗಿ ಹಿಡಿಯಬಾರದು. ಚಳಿಗಾಲದ ಬೆಳಗಿನಲ್ಲಿ ಕೈ ಬೆಚ್ಚಗಿರಬೇಕು. ಬೀಡಿ ರಕ್ತನಾಳಗಳನ್ನು ಇನ್ನಷ್ಟು ಕಿರಿದುಮಾಡುತ್ತದೆ. ಅದನ್ನು ಬಿಟ್ಟಷ್ಟೂ ಒಳ್ಳೆಯದು. ಬೆರಳು ಬಿಳಿಚತೊಡಗಿದರೆ ವೈದ್ಯರ ಬಳಿಗೆ ಹೋಗಬೇಕು. ಹೋದಾಗ "ಕೈ ಜೋಮು" ಎಂದಷ್ಟೇ ಹೇಳದೆ, ಯಾವ ಯಂತ್ರ, ದಿನಕ್ಕೆ ಎಷ್ಟು ಗಂಟೆ, ಎಷ್ಟು ವರ್ಷದಿಂದ ಎಂಬುದನ್ನೂ ಹೇಳಬೇಕು. ಅದನ್ನು ಹೇಳದಿದ್ದರೆ ವೈದ್ಯರಿಗೆ ಕಾರಣ ಹೊಳೆಯದೆ ಹೋಗಬಹುದು.

ಆಟದ ಕಂಟ್ರೋಲರಿನ ಕಂಪನ ಬ್ರೇಕರಿನದಕ್ಕೆ ಹೋಲಿಸಿದರೆ ಬಹಳ ಮೆಲ್ಲಗಿನದು. ಮಿತವಾಗಿ ಆಡುವವರು ಹೆದರಬೇಕಾದುದಿಲ್ಲ. ಆದರೆ ಮಿತಿ ತಪ್ಪಿದರೆ ಏನಾಗಬಹುದೆಂಬುದಕ್ಕೆ ಒಂದು ಪ್ರಸಂಗವನ್ನು ಬ್ರಿಟನ್ನಿನ ವೈದ್ಯಕೀಯ ಪತ್ರಿಕೆ 2002ರಲ್ಲಿ ಪ್ರಕಟಿಸಿತು. ಕಂಪನವನ್ನು ಹಚ್ಚಿಕೊಂಡು ದಿನಕ್ಕೆ 7 ಗಂಟೆಗಳವರೆಗೆ ಆಡುತ್ತಿದ್ದ 15 ವರ್ಷದ ಹುಡುಗನೊಬ್ಬನ ಕೈಗಳು ಚಳಿಗೆ ಬಿಳಿಚಿ ನೋಯುತ್ತಿದ್ದವು. ಇದು ಯಂತ್ರದ ಕೆಲಸಗಾರರ ಬೇನೆಯನ್ನೇ ಹೋಲುತ್ತದೆಂದು ವೈದ್ಯರು ಬರೆದರು. ಒಂದೇ ಪ್ರಸಂಗದಿಂದ ಸಿದ್ಧಾಂತ ಮಾಡಲಾಗದು, ಎಚ್ಚರಿಕೆಗೆ ಸಾಕು.

7. ಮೂರು ಪರೀಕ್ಷೆಗಳು

ಹಾಗಾದರೆ ಒಳ್ಳೆಯ ಕಂಪನವನ್ನು ಕೆಟ್ಟ ಕಂಪನದಿಂದ ಬೇರ್ಪಡಿಸುವುದು ಹೇಗೆ? ಮೂರು ಪ್ರಶ್ನೆ ಕೇಳಿರಿ. ಅದು ಏನಾದರೂ ಸುದ್ದಿ ಹೇಳುತ್ತಿದೆಯೇ? ಹೇಳಿ ಮುಗಿಸಿದ ಮೇಲೆ ಸುಮ್ಮನಾಗುತ್ತದೆಯೇ? ಬೇಡವೆಂದರೆ ನಿಲ್ಲಿಸಲು ನಮಗೆ ಅಧಿಕಾರವಿದೆಯೇ? ಚಾಲಕನ ಹಿಡಿಗೋಲು, ಕುರುಡನ ಪಾದರಕ್ಷೆ, ಚೆನ್ನಾಗಿ ಮಾಡಿದ ಆಟದ ಕಂಟ್ರೋಲರು ಇವು ಮೊದಲೆರಡು ಪ್ರಶ್ನೆಗಳಲ್ಲಿ ತೇರ್ಗಡೆಯಾಗುತ್ತವೆ, ಕಂಟ್ರೋಲರು ಮೂರನೆಯದರಲ್ಲೂ. ಬ್ರೇಕರಿನ ಕಂಪನದಲ್ಲಿ ಚಿಟಿಕೆಯಷ್ಟು ಸುದ್ದಿಯುಂಟು. ಉಳಿದ ಸೇರುಗಟ್ಟಲೆ ಬರಿಯ ಹಿಂಸೆ. ಹಿಡಿದವನಿಗೆ ಅದನ್ನು ನಿಲ್ಲಿಸುವ ಅಧಿಕಾರವೂ ಇರುವುದಿಲ್ಲ.

ಮಕ್ಕಳಿಗೋ ತಮಗೋ ಕಂಟ್ರೋಲರು ಕೊಳ್ಳುವವರಿಗೆ ಒಂದೆರಡು ಮಾತು. ಸಿಕಂದರಾಬಾದಿನ ಪಾರ್ಕ್ ಲೇನಿನ ಅಂಗಡಿಗಳಲ್ಲಾಗಲಿ, ಕೋಠಿಯ ಗುಜರಾತಿ ಗಲ್ಲಿಯಲ್ಲಾಗಲಿ ಕೊಳ್ಳುವ ಮೊದಲು ಅಂಗಡಿಯವನ ಎದುರಿನಲ್ಲಿಯೇ ಹಚ್ಚಿ ನೋಡಿರಿ. ಎರಡೂ ಹಿಡಿಗಳು ಅದುರುತ್ತವೆಯೇ ಎಂದು ಕೈಯಿಂದ ಪರೀಕ್ಷಿಸಿರಿ. ಅಗ್ಗದವುಗಳಲ್ಲಿ ಒಂದೇ ಮೋಟಾರು ಇರುವುದೂ, ಮೋಟಾರೇ ಇಲ್ಲದಿರುವುದೂ ಉಂಟು. ಮೊಬೈಲಿಗೆ ಜೋಡಿಸಿ ಆಡುವುದಾದರೆ ಎಲ್ಲ ಆಟಗಳೂ ಕಂಪನವನ್ನು ಕಳಿಸುವುದಿಲ್ಲವೆಂಬುದು ನೆನಪಿರಲಿ. ಕಂಪನದಿಂದ ಬ್ಯಾಟರಿ ಬೇಗ ಖರ್ಚಾಗುತ್ತದೆ. ಅದನ್ನು ತಗ್ಗಿಸುವ, ನಿಲ್ಲಿಸುವ ಏರ್ಪಾಡು ಹೆಚ್ಚಿನ ಆಟಗಳ ಒಳಗೇ ಇರುತ್ತದೆ. ದಿನವಿಡೀ ಯಂತ್ರ ಹಿಡಿದು ಬಂದವರು ರಾತ್ರಿ ಆಡುವಾಗ ಕಂಪನವನ್ನು ನಿಲ್ಲಿಸಿಯೇ ಆಡುವುದು ಲೇಸು. ಆ ಕೈಗೆ ಅಂದಿನ ಪಾಲು ಆಗಲೇ ಸಂದಿದೆ.

ಮಾಡಿ ನೋಡಿರಿ

ಮೊಬೈಲನ್ನು ಸದ್ದಿಲ್ಲದ ಕಂಪನಕ್ಕೆ ಇಟ್ಟು ಗೆಳೆಯರಿಂದ ಕರೆ ಮಾಡಿಸಿರಿ. ಮೊದಲು ಅದನ್ನು ಅಂಗೈಯಲ್ಲಿಡಿರಿ. ಆ ಮೇಲೆ ಮರದ ಮೇಜಿನ ಮೇಲೆ. ಆ ಮೇಲೆ ತಲೆದಿಂಬಿನ ಮೇಲೆ. ಅಂಗೈಯಲ್ಲಿ ಸ್ಪರ್ಶ ಹೆಚ್ಚು, ಸದ್ದು ಕಡಿಮೆ. ಮೇಜಿನ ಮೇಲೆ ದೊಡ್ಡ ಸದ್ದು, ಮೊಬೈಲು ತಾನೇ ಸರಿಯುವುದೂ ಉಂಟು. ದಿಂಬಿನ ಮೇಲೆ ಎರಡೂ ಇಲ್ಲದಷ್ಟು ಕಡಿಮೆ. ಮೋಟಾರು ಮೂರೂ ಕಡೆ ಒಂದೇ. ಅದರ ಶಕ್ತಿ ಎಲ್ಲಿಗೆ ಹೋಯಿತೆಂಬುದನ್ನು ಯೋಚಿಸಿರಿ.

ಮನನಕ್ಕೆ ಪ್ರಶ್ನೆಗಳು

1. ಸದಾ ಅದುರುವ ಕಂಟ್ರೋಲರು ಸುದ್ದಿ ಹೇಳಲಾರದು, ಏಕೆ? ಎರಡನೆಯ ಭಾಗದ ನಿಯಮದಿಂದ ಉತ್ತರಿಸಿರಿ.
2. ಮೂರನೆಯ ಭಾಗದ ಲೆಕ್ಕದಲ್ಲಿ ಸುತ್ತು ಸೆಕೆಂಡಿಗೆ 300 ಆದರೆ ಎಳೆತ ಎಷ್ಟು ಗ್ರಾಂ ಭಾರದಷ್ಟಾಗುತ್ತದೆ?
3. ದಾರಿ ಹೇಳಲು ಕುರುಡನ ಕಿವಿಗಿಂತ ಪಾದ ಏಕೆ ಮೇಲು?
4. ಕಂಪನದ ಜೋರು 15 ಇರುವ ಯಂತ್ರವನ್ನು ಯುರೋಪಿನ ಮಿತಿಯ ಪ್ರಕಾರ ದಿನಕ್ಕೆ ಎಷ್ಟು ಹೊತ್ತು ಹಿಡಿಯಬಹುದು? ನೀವು ಹಿಡಿಯುವ ಯಂತ್ರವನ್ನು ನೀವು ಎಷ್ಟು ಹೊತ್ತು ಹಿಡಿಯುತ್ತೀರಿ?

(ಲೆಕ್ಕಗಳ ಉತ್ತರ: 2. ಸುಮಾರು 1,450 ಗ್ರಾಂ. 4. ಸುಮಾರು 53 ನಿಮಿಷ.)